ಬಹುಮಾನ ಬಂದ ಮೇಲೆ ಶುರುವಾದ ಹೊಟ್ಟೆನೋವು

ಹುಡುಗಿ ಮತ್ತು ಹೆತ್ತವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಬ್ರಹ್ಮಾವರದ ಕಡೆಯ ಒಂಬತ್ತನೇ ತರಗತಿಯ ಹುಡುಗಿ. ಭಾಷಣ ಸ್ಪರ್ಧೆ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು, ಕೆಲವೊಮ್ಮೆ ವಾಂತಿ. ಮಕ್ಕಳ ವೈದ್ಯರು ಪರೀಕ್ಷಿಸಿದ ಮೇಲೆ, ಆಪ್ತಸಮಾಲೋಚನೆ ಮಾಡುವ ನನ್ನಲ್ಲಿಗೆ ಕಳುಹಿಸಿದ್ದರು. ತೂಕ ಇಳಿದಿರಲಿಲ್ಲ, ಜ್ವರ ಇರಲಿಲ್ಲ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿರಲಿಲ್ಲ, ರಜೆಯಲ್ಲಿ ನೋವಿನ ಸುದ್ದಿಯೇ ಇಲ್ಲ. ಇವುಗಳಲ್ಲಿ ಒಂದು ಬೇರೆಯಾಗಿದ್ದರೂ ನಾನು ಅವಳನ್ನು ವೈದ್ಯರಲ್ಲಿಗೇ ಹಿಂದಕ್ಕೆ ಕಳುಹಿಸುತ್ತಿದ್ದೆ. ಹಾಗೆಂದು ಅವಳು ನಟಿಸುತ್ತಿದ್ದಳು ಎಂದಲ್ಲ. ಭಯವಾದಾಗ ಕರುಳಿನ ಚಲನೆಯೇ ಬದಲಾಗುತ್ತದೆ. ನೋವು ನಿಜವಾದ ನೋವೇ.

"ಜಿಲ್ಲಾ ಮಟ್ಟದಲ್ಲಿ ಸೋತದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಮೇಡಂ, ಸ್ವಲ್ಪ ಧೈರ್ಯ ತುಂಬಿ" ಎಂದರು ಅಪ್ಪ. ಅಷ್ಟರವರೆಗೆ ಸುಮ್ಮನಿದ್ದ ಅಮ್ಮ ನಡುವೆ ಬಾಯಿ ಹಾಕಿದರು: ನೋವು ಶುರುವಾದದ್ದು ಸೋಲಿಗಿಂತ ಮೊದಲೇ, ತಾಲ್ಲೂಕಿನಲ್ಲಿ ಮೊದಲ ಬಹುಮಾನ ಬಂದ ಮೇಲೆ.

ನಮ್ಮ ಉಡುಪಿಯಲ್ಲಿ ಮಕ್ಕಳು ಬೇಗ ವೇದಿಕೆ ಹತ್ತುತ್ತಾರೆ. ಅಷ್ಟಮಿಯ ಮುದ್ದುಕೃಷ್ಣ ವೇಷ, ಗಣೇಶೋತ್ಸವದ ಸ್ಪರ್ಧೆಗಳು, ಶಾಲೆಯ ಯಕ್ಷಗಾನ. ಇದೆಲ್ಲ ನನಗೆ ಇಷ್ಟದ ಸಂಗತಿಯೇ. ಈ ಹುಡುಗಿಯೂ ಹಾಗೆ ಬೆಳೆದವಳು. ಆದರೆ ಐದನೇ ತರಗತಿಯಿಂದ ಅವಳ ಭಾಷಣಗಳನ್ನೆಲ್ಲ ಬರೆದವರು ಅಪ್ಪ. ಎಲ್ಲಿ ಧ್ವನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದ ಹಾಳೆಗಳು. ಅವಳು ಬಾಯಿಪಾಠ ಮಾಡಿ ಗೆಲ್ಲುತ್ತಿದ್ದಳು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುವ ಪ್ರತಿಭಾ ಕಾರಂಜಿಯಲ್ಲಿ ಸ್ಥಳದಲ್ಲೇ ಕೊಟ್ಟ ವಿಷಯದ ಮೇಲೆ ಮಾತಾಡುವ ಆಶುಭಾಷಣವೂ ಒಂದು ಸ್ಪರ್ಧೆ. ಚೆನ್ನಾಗಿ ಮಾತಾಡುವ ಹುಡುಗಿ ಎಂದು ಶಾಲೆಯವರು ಅವಳ ಹೆಸರನ್ನು ಅದಕ್ಕೂ ಬರೆದರು. ಕೆಳಗಿನ ಹಂತಗಳಲ್ಲಿ ಬಂದ ವಿಷಯಗಳಿಗೆ ಹಳೆಯ ಭಾಷಣಗಳ ತುಂಡುಗಳು ಹೇಗೋ ಹೊಂದಿಕೊಂಡವು. ಜಿಲ್ಲೆಯಲ್ಲಿ ಹೊಂದಲಿಲ್ಲ. ನಾಲ್ಕು ವಾಕ್ಯ ಹೇಳಿ ನಿಂತುಬಿಟ್ಟಳು.

ಎರಡನೆಯ ಭೇಟಿಯಲ್ಲಿ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವಳೊಂದಿಗೆ ತುಳುವಿನಲ್ಲಿ ಮಾತಾಡಿದೆ. ಅಜ್ಜಿಯ ಬೀಡಿ ಕೆಲಸದ ಬಗ್ಗೆ ಹೇಳತೊಡಗಿದಳು: ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಎಷ್ಟು ಬೀಡಿ ತೆಗೆದು ಬಿಸಾಡುತ್ತಾನೆ, ಮಳೆಗಾಲದಲ್ಲಿ ಎಲೆ ಹಾಳಾದರೆ ಅಜ್ಜಿ ಯಾರನ್ನು ಬೈಯುತ್ತಾರೆ, ಸಾವಿರ ಬೀಡಿಗೆ ಸಿಗುವ ಕೂಲಿಯಲ್ಲಿ ಏನೇನು ಬರುತ್ತದೆ. ತಡವರಿಕೆಯೇ ಇಲ್ಲ. ಇಂಥ ಹುಡುಗಿಗೆ ಮಾತಿನ ಕೊರತೆ ಎಲ್ಲಿಯದು? ಸ್ವಲ್ಪ ಹೊತ್ತಿನ ನಂತರ ಅವಳೇ ಕೇಳಿದಳು, "ಮೇಡಂ, ಆ ಶೀಲ್ಡುಗಳೆಲ್ಲ ಅಪ್ಪನದ್ದಲ್ಲವಾ?"

ಸೋಲಿಗೆ ಅವಳು ಅಂಜುತ್ತಿರಲಿಲ್ಲ. ಗೆದ್ದಷ್ಟೂ ಒಂದು ದಿನ ಸಿಕ್ಕಿಬೀಳುತ್ತೇನೆ ಎಂಬ ಭಯ ಅವಳಲ್ಲಿ ಬೆಳೆಯುತ್ತಿತ್ತು. ಇದಕ್ಕೆ ಇನ್ನಷ್ಟು ಧೈರ್ಯ ತುಂಬಿ ವೇದಿಕೆಗೆ ಕಳುಹಿಸಿದರೆ ಭಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅವಳಿಗೆ ಹೇಳಿದೆ: ಬರವಣಿಗೆ ಅಪ್ಪನದ್ದು, ಅದನ್ನು ಸಭೆಯ ಮುಂದೆ ನಿಂತು ಹೇಳಿದ ಧೈರ್ಯ ನಿನ್ನದು. ಶೀಲ್ಡುಗಳನ್ನು ಹಿಂತಿರುಗಿಸಬೇಕಾಗಿಲ್ಲ. ಇನ್ನು ಮುಂದೆ ಬರವಣಿಗೆಯೂ ನಿನ್ನದಾಗಲಿ.

ಅಪ್ಪನೊಂದಿಗಿನ ಮಾತು ಸುಲಭದ್ದಾಗಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಚಿಕ್ಕಂದಿನಲ್ಲಿ ತಮಗೆ ಸಿಗದ ವೇದಿಕೆ ಮಗಳಿಗಾದರೂ ಸಿಗಲಿ ಎಂದುಕೊಂಡವರು. "ನಾನು ಬರೆಯದಿದ್ದರೆ ಬೇರೆ ಮಕ್ಕಳ ಅಪ್ಪಂದಿರು ಬರೆಯುತ್ತಾರಲ್ಲ" ಎಂದರು. ಬರೆಯಲಿ ಎಂದೆ. ಬಾಯಿಪಾಠದಲ್ಲಿ ಒಂದು ವಾಕ್ಯವೇ ಮುಂದಿನ ವಾಕ್ಯವನ್ನು ನೆನಪಿಸುವುದು. ನಡುವೆ ಒಂದು ತಪ್ಪಿದರೆ ಉಳಿದದ್ದೆಲ್ಲ ಹೋಯಿತು. ತಾನೇ ಯೋಚಿಸಿದ ಮೂರು ಅಂಶಗಳಿದ್ದರೆ ಒಂದು ಮರೆತರೂ ಇನ್ನೊಂದರಿಂದ ಮಾತು ಮುಂದುವರಿಯುತ್ತದೆ. ಹಾಗಾಗಿ ಪೆನ್ನು ಅವಳ ಕೈಯಲ್ಲಿರಲಿ, ನೀವು ಪ್ರಶ್ನೆ ಮಾತ್ರ ಕೇಳಿ: "ಯಾಕೆ ಹಾಗೆ?", "ಒಂದು ಉದಾಹರಣೆ ಕೊಡು." ತಿದ್ದಬೇಡಿ. ಊಟವಾದ ಮೇಲೆ ಚೀಟಿ ಎತ್ತಿ ಎರಡು ನಿಮಿಷ ಮಾತಾಡುವ ಆಟವನ್ನು ಮನೆಯವರೆಲ್ಲ ಆಡಿ, ನೀವೂ ತಡವರಿಸುವುದನ್ನು ಅವಳು ನೋಡಲಿ.

ಸ್ಪರ್ಧೆಗಳನ್ನು ಪೂರ್ತಿ ನಿಲ್ಲಿಸಲು ನಾನು ಒಪ್ಪಲಿಲ್ಲ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮುಂದಿನ ಸಲದ ಭಯವನ್ನು ದೊಡ್ಡದು ಮಾಡುತ್ತದೆ. ಮೊದಲು ಮನೆ, ಆಮೇಲೆ ಇಬ್ಬರು ಗೆಳತಿಯರು, ಆಮೇಲೆ ತರಗತಿ, ಕೊನೆಗೆ ವೇದಿಕೆ ಎಂದು ಮೆಟ್ಟಿಲು ಮಾಡಿಕೊಂಡೆವು. ಶಾಲೆಗೆ ಬರೆದ ಪತ್ರದಲ್ಲಿ ಒಂದೇ ಕೋರಿಕೆ ಇತ್ತು: ಹೆಸರು ಬರೆಯುವ ಮೊದಲು ಅವಳನ್ನು ಕೇಳಿ.

ಈ ವರ್ಷ ಕ್ಲಸ್ಟರ್ ಮಟ್ಟದಲ್ಲಿ ಅವಳಿಗೆ ಮೂರನೇ ಸ್ಥಾನ. ಮೇಲಿನ ಹಂತವಿಲ್ಲ. ಹೊಟ್ಟೆನೋವು ಆ ದಿನವೂ ಸ್ವಲ್ಪ ಇತ್ತಂತೆ, ವಾಂತಿ ಆಗಲಿಲ್ಲ. ಅಪ್ಪನಿಗೆ ಬೇಸರವಿದೆ, ಅದನ್ನು ನನ್ನ ಮುಂದೆ ಮುಚ್ಚಿಡಲೂ ಇಲ್ಲ. ಮುಂದಿನ ಭೇಟಿಗೆ ಅವರೊಬ್ಬರೇ ಬರಲಿ ಎಂದು ಹೇಳಿದ್ದೇನೆ.