ಮೇಷ್ಟ್ರೇ, ದೋಸೆ ಬಿಡಿ, ಕಿಂಡಿ ಹಿಡಿಯಿರಿ

ನಮಸ್ಕಾರ ಮೇಷ್ಟ್ರೇ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಮನಸ್ಸೆಂಬ ಮೂರಂತಸ್ತಿನ ಮನೆ’ ಲೇಖನವನ್ನು ಎರಡು ಸಲ ಓದಿದೆ. ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ ಹೇಳಿದ ಮನಸ್ಸಿನ ಮೂರು ಪಾಲು, ಅಂದರೆ ‘ಬೇಕು’ ಅನ್ನುವ ಇಡ್, ತೂಗಿ ನೋಡುವ ಈಗೋ, ‘ತಪ್ಪು’ ಅನ್ನುವ ಸೂಪರ್ ಈಗೋ ಬಗ್ಗೆ ನಮ್ಮ ಓದುಗರಿಗೆ ತಿಳಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಬಿಚ್ಚಿ ಹೇಳುತ್ತೇನೆ.

ಮೊದಲು ಆ ದೋಸೆ. ಸೋಮವಾರದ ಉಪವಾಸದಲ್ಲಿರುವ ಒಬ್ಬ ದಾವಣಗೆರೆಗೆ ಬರುತ್ತಾನೆ. ಬೆಣ್ಣೆ ದೋಸೆಯ ವಾಸನೆ ಮೂಗಿಗೆ ಬಡಿಯುತ್ತದೆ. ಇಡ್ ‘ತಿನ್ನು’ ಅನ್ನುತ್ತದೆ, ಸೂಪರ್ ಈಗೋ ‘ಪಾಪ ಬರುತ್ತೆ’ ಅನ್ನುತ್ತದೆ, ಈಗೋ ‘ಒಂದೇ ಒಂದು’ ಅಂತ ರಾಜಿ ಮಾಡಿಸುತ್ತದೆ. ಓದಲು ಮಜವಾಗಿದೆ. ಆದರೆ ಮೂವರೂ ಹೋಟೆಲ್ ಬಾಗಿಲಲ್ಲಿ ನಿಂತು ಬಹಿರಂಗ ಪಂಚಾಯ್ತಿ ಮಾಡುತ್ತಿದ್ದಾರೆ. ಇದಕ್ಕೆ ಫ್ರಾಯ್ಡ್ ಯಾಕೆ ಬೇಕು? ಆಸೆಗೂ ಅಂಜಿಕೆಗೂ ಜಗಳ ಅಂತ ನಮ್ಮಜ್ಜಿಗೂ ಗೊತ್ತಿತ್ತು. ಆತ ಹೇಳಿದ್ದು ಬೇರೆ. ಈ ಜಗಳದ ದೊಡ್ಡ ಪಾಲು ನಮಗೆ ಗೊತ್ತಾಗದೆಯೇ ನಡೆಯುತ್ತದೆ. ಇಡ್ ಪೂರ್ತಿ ಕತ್ತಲಲ್ಲಿದೆ, ಸರಿ. ಆದರೆ ಈಗೋದ ಒಂದಷ್ಟು ಭಾಗ, ಸೂಪರ್ ಈಗೋದ ಬಹುಪಾಲು ಕೂಡ ಕತ್ತಲಲ್ಲೇ ಇವೆ. ಹಾಗಾಗಿ ನಿಮ್ಮ ‘ಕೆಳಗೆ ಕತ್ತಲು, ಮೇಲೆರಡು ಅಂತಸ್ತು ಬೆಳಕು’ ಲೆಕ್ಕ ತಪ್ಪು. ಅರಿವಿಗೆ ಬರುವುದು, ಬಾರದಿರುವುದು ಎಂಬ ಹಳೆಯ ವಿಂಗಡಣೆಯೊಂದೇ ಸಾಲದು ಅನ್ನಿಸಿದ್ದಕ್ಕೇ ಆತ 1923ರಲ್ಲಿ ಈ ಮೂವರನ್ನು ತಂದದ್ದು.

ಹೀಗೆ ಬರೆದು ನೋಡಿ. ಅವನು ದೋಸೆ ತಿನ್ನದೆ ಮನೆಗೆ ಹೋಗುತ್ತಾನೆ. ತನಗೆ ತಾನೇ ಭೇಷ್ ಅಂದುಕೊಳ್ಳುತ್ತಾನೆ. ರಾತ್ರಿ ಮಗ ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದಾನೆ ಅಂತ ಬೆನ್ನಿಗೊಂದು ಬಾರಿಸುತ್ತಾನೆ. ಯಾಕ್ರೀ ಹೊಡೆದ್ರಿ ಅಂದರೆ, ‘ಊಟಕ್ಕೆ ಕೂತಾಗ ಶಿಸ್ತು ಬೇಡವಾ?’ ಅನ್ನುತ್ತಾನೆ. ಅಷ್ಟೇ. ಅಲ್ಲಿ ಇಡ್ ಎಂಬ ಪದವನ್ನೇ ತರಬೇಡಿ.

ಇನ್ನು ಪದಗಳ ವಿಷಯ. ಈಗೋಗೆ ‘ಅಹಂ’ ಅಂತ ಬರೆದು, ಮುಂದಿನ ಪುಟದಲ್ಲಿ ‘ಅಹಂ ಇಳಿದರೆ ಸುಖ’ ಅಂದಿದ್ದೀರಿ. ‘ಅವನಿಗೆ ಈಗೋ ಜಾಸ್ತಿ’ ಅಂತೀವಲ್ಲ, ಆ ಈಗೋ ಇದಲ್ಲ. ಫ್ರಾಯ್ಡ್‌ನ ಈಗೋ ಹೊರಗಿನ ಲೋಕ, ಇಡ್, ಸೂಪರ್ ಈಗೋ ಎಂಬ ಮೂವರು ಯಜಮಾನರ ನಡುವೆ ಒದ್ದಾಡುವ ಆಳು. ಆತ ಜರ್ಮನ್‌ನಲ್ಲಿ ಬಳಸಿದ್ದು ಮನೆಮಾತಿನ ಪದಗಳು: ‘ಎಸ್’ ಅಂದರೆ ಅದು, ‘ಇಶ್’ ಅಂದರೆ ನಾನು, ‘ಊಬರ್ ಇಶ್’ ಅಂದರೆ ನಾನಿನ ಮೇಲೊಂದು ನಾನು. ಇಂಗ್ಲಿಷಿಗೆ ಹೋದಾಗ ಅವು ಲ್ಯಾಟಿನ್ ಆದವು. ‘ಅದೇನು ಬಂದಿತ್ತೋ ನನಗೆ, ಹಂಗೆ ಅಂದುಬಿಟ್ಟೆ’ ಅಂತೀವಲ್ಲ, ಆ ‘ಅದು’. ಕನ್ನಡದಲ್ಲೇ ಇರುವಾಗ ಸುಮ್ನೆ ಸಂಸ್ಕೃತಕ್ಕೆ ಯಾಕೆ ಹೋದಿರಿ?

ಐದನೇ ಪುಟದಲ್ಲಿ ಮಾತ್ರ ನಾನು ಎದ್ದು ಕೂತೆ. ಮನಸ್ಸಿಗೆ ಓಬವ್ವನ ಕಿಂಡಿಯಂಥದ್ದೊಂದಿದೆ ಅಂದಿದ್ದೀರಿ. ಫ್ರಾಯ್ಡ್ ಕೂಡ ಮೊದಲ ಮಹಾಯುದ್ಧದ ಕಾಲದ ಉಪನ್ಯಾಸಗಳಲ್ಲಿ ಇಂಥದ್ದೇ ಚಿತ್ರ ಕೊಟ್ಟಿದ್ದ. ಅರಿವಿಗೆ ಬಾರದ ಆಸೆಗಳು ತುಂಬಿದ ಒಂದು ದೊಡ್ಡ ಹಜಾರ, ಪಕ್ಕದಲ್ಲಿ ಅರಿವು ಕೂತಿರುವ ಒಂದು ಚಿಕ್ಕ ಕೋಣೆ, ನಡುವಿನ ಹೊಸ್ತಿಲಲ್ಲಿ ಒಬ್ಬ ಕಾವಲುಗಾರ. ನಿಮ್ಮದು ನೀವೇ ಕಂಡುಕೊಂಡದ್ದು ಅನ್ನಿಸುತ್ತದೆ, ಅದಕ್ಕೇ ಜಾಸ್ತಿ ಖುಷಿ. ಆದರೆ ಎರಡೇ ಸಾಲು ಬರೆದು ಮತ್ತೆ ದೋಸೆಗೆ ಓಡಿದಿರಲ್ಲ! ಹೋಲಿಕೆ ಎಲ್ಲಿ ಕೈಕೊಡುತ್ತದೆ ನೋಡಿ. ಒನಕೆ ಏಟು ತಿಂದ ಹೈದರನ ಸೈನಿಕ ಮತ್ತೆ ಏಳಲಿಲ್ಲ. ಈ ಕಾವಲುಗಾರ ಹಿಂದಕ್ಕೆ ತಳ್ಳಿದ ಆಸೆ ಸಾಯುವುದಿಲ್ಲ. ಕನಸಾಗಿ, ಬಾಯಿತಪ್ಪಿ ಬಂದ ಮಾತಾಗಿ, ವೇಷ ಬದಲಿಸಿ ಮತ್ತೆ ಬರುತ್ತದೆ. ಮೊಸರು ಮಾರುವವಳೊಬ್ಬಳು ಆ ಕಿಂಡಿಯಲ್ಲಿ ಓಡಾಡುತ್ತಿದ್ದಳು ಅಂತಲೂ ನಿಮ್ಮೂರಲ್ಲಿ ಕಥೆ ಹೇಳುತ್ತಾರೆ, ಅಲ್ವಾ? ಅವಳನ್ನು ಯಾರೂ ತಡೆಯಲಿಲ್ಲ. ನಿಮ್ಮ ಲೇಖನಕ್ಕೆ ಬೇಕಾದವಳು ಅವಳು.

ಕೊನೆಯ ಪುಟದ ಉಪದೇಶ ಕಿತ್ತುಹಾಕಿ. ಈ ಭಾನುವಾರ ಕೋಟೆಗೆ ಹೋಗಿ ಆ ಕಿಂಡಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ. ಆಮೇಲೆ ಬರೆದು ಕಳಿಸಿ. ಎಂಟು ಪುಟ ಬೇಡ, ಮೂರು ಸಾಕು.