ಕಾಡ್ಗಿಚ್ಚಿನ ಭಯವಿರುವ ಊರಿನ ಶಾಲೆಯಲ್ಲಿ ಮರಗಿಡಗಳ ಆಟದ ಮೈದಾನ ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಯಾವುದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು ಸುಟ್ಟ ಬೆಂಕಿಯಲ್ಲಿ, ಗಾಳಿಗೆ ಹಾರಿದ ಕಿಡಿಗಳು ಜ್ವಾಲೆಗಿಂತ ಮುಂದೆ ಬಂದು ಬಿದ್ದಿದ್ದವು. ಅಂಥ ಒಂದು ಕಿಡಿ ಗೋಡೆ ಪಕ್ಕ ಹಾಸಿದ ಒಣ ಮರದ ಚಕ್ಕೆಗಳ ಮೇಲೆ ಬಿದ್ದರೆ ಸಾಕು. ಸದ್ದಿಲ್ಲದೆ ಹೊಗೆಯಾಡಿ, ಆಮೇಲೆ ಕಟ್ಟಡಕ್ಕೆ ಹತ್ತಿಕೊಳ್ಳುತ್ತದೆ. ಹಾಗಾಗಿ ಗೋಡೆಯಿಂದ ಮೊದಲ 5 ಅಡಿಯಲ್ಲಿ ಬರೀ ಕಲ್ಲು, ಜಲ್ಲಿ ಇರಲಿ. ಅದರಾಚೆ ಹತ್ತುವ ಬಂಡೆ, ಮರಳು ಗುಂಡಿ, ಮಣ್ಣಿನ ದಿಬ್ಬ ಮಾಡಿ. ಅವು ಸುಡುವುದಿಲ್ಲ, ಮಕ್ಕಳಿಗೂ ಇಷ್ಟ ಅಲ್ವಾ! ನೆರಳಿಗೆ ಆ ಊರಲ್ಲೇ ಸಹಜವಾಗಿ ಬೆಳೆಯುವ ಓಕ್‌ನಂಥ ಮರಗಳನ್ನು ಬಿಡಿಬಿಡಿಯಾಗಿ ನೆಡಿ. ಮರದಡಿ ಪೊದೆ ಬೇಡ, ಬೆಂಕಿ ಅದರಿಂದಲೇ ಕೊಂಬೆಗೆ ಏರುವುದು. ಆಟದ ಜಾಗದ ನೆಲಕ್ಕೆ ಹಾಕುವ ರಬ್ಬರ್ ಹಾಸೂ ಸುಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಣ ಎಲೆ ಗುಡಿಸುವ ಕೆಲಸಕ್ಕೆ ಪ್ರತಿವರ್ಷ ದುಡ್ಡು ತೆಗೆದಿಡಿ.