ಓದುಗರ ಪ್ರಶ್ನೆ: ಗೃಹವಿಜ್ಞಾನ ಹುಟ್ಟಿದ್ದು ಅಡುಗೆಮನೆಯಲ್ಲೋ, ಪ್ರಯೋಗಾಲಯದಲ್ಲೋ?

ಪ್ರಶ್ನೆ: ಗೃಹವಿಜ್ಞಾನ ಅಂದರೆ ಹೆಣ್ಣುಮಕ್ಕಳಿಗೆ ಅಡುಗೆ, ಹೊಲಿಗೆ ಹೇಳಿಕೊಡುವ ತರಗತಿ ಅಂತಲೇ ಎಲ್ಲರ ಮಾತು. ಅದಕ್ಕೆ ‘ವಿಜ್ಞಾನ’ ಎಂಬ ಹೆಸರೇಕೆ? ಶುರು ಮಾಡಿದವರು ಯಾರು?

ಉತ್ತರ: ಆ ಹೆಸರು ಸುಮ್ಮನೆ ಅಂಟಿಸಿದ್ದಲ್ಲ. ಮನೆವಾರ್ತೆಯನ್ನು ಪಾಠ ಮಾಡಿದವರು ಮೊದಲೇ ಇದ್ದರು. ಅಮೆರಿಕದ ಕ್ಯಾಥರೀನ್ ಬೀಚರ್ 1841ರಲ್ಲೇ ಅದಕ್ಕೊಂದು ಪುಸ್ತಕ ಬರೆದಿದ್ದರು. ಆದರೆ ಈ ವಿಷಯಕ್ಕೆ ಪ್ರಯೋಗಾಲಯದ ಶಿಸ್ತು ತಂದವರಲ್ಲಿ ಮುಖ್ಯರು ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೊ ರಿಚರ್ಡ್ಸ್. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ತಂತ್ರಜ್ಞಾನ ಸಂಸ್ಥೆ ಎಂಐಟಿಗೆ ಸೇರಿದ ಮೊದಲ ಮಹಿಳೆ ಅವರು. 1873ರಲ್ಲಿ ಪದವಿ ಪಡೆದರು.

ಅವರು ಹೇಗೆ ಯೋಚಿಸುತ್ತಿದ್ದರು ಎಂಬುದಕ್ಕೆ ನೀರಿನ ಕೆಲಸವೇ ಸಾಕ್ಷಿ. 1887ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ಆ ರಾಜ್ಯದ ಕೆರೆ, ನದಿ, ಬಾವಿಗಳ ನೀರನ್ನು ಪರೀಕ್ಷಿಸಲಾಯಿತು. ಸಮುದ್ರದ ಗಾಳಿ ಉಪ್ಪಿನಂಶ ಹೊತ್ತು ತರುವುದರಿಂದ ಕರಾವಳಿಯ ಸಿಹಿನೀರಲ್ಲೂ ಕ್ಲೋರೈಡ್ ಸ್ವಲ್ಪ ಹೆಚ್ಚು. ಒಳನಾಡಿಗೆ ಹೋದಂತೆಲ್ಲ ಇಳಿಯುತ್ತದೆ. ಈ ಸಹಜ ಮಟ್ಟವನ್ನು ನಕ್ಷೆಯ ಮೇಲೆ ಗೆರೆಗಳಾಗಿ ಗುರುತಿಸಿದರು. ಯಾವುದಾದರೂ ಬಾವಿಯಲ್ಲಿ ಆ ಜಾಗಕ್ಕೆ ಇರಬೇಕಾದ್ದಕ್ಕಿಂತ ಕ್ಲೋರೈಡ್ ಹೆಚ್ಚಿದ್ದರೆ ಚರಂಡಿ ನೀರು ಸೇರುತ್ತಿರಬಹುದೆಂದು ಅನುಮಾನಿಸಬೇಕು. ಮೂತ್ರದಲ್ಲೂ ಬಚ್ಚಲ ನೀರಲ್ಲೂ ಉಪ್ಪಿರುತ್ತದೆ. ಮಣ್ಣು ಅದನ್ನು ಸೋಸಿ ಹಿಡಿದಿಡುವುದಿಲ್ಲ. ನೋಡಲು ತಿಳಿಯಾಗಿದ್ದ ನೀರಿನ ಗುಟ್ಟೂ ಹೀಗೆ ಬಯಲಾಗುತ್ತಿತ್ತು. ಮನೆಯೊಳಗೆ ಬರುವ ನೀರು, ಗಾಳಿ, ಆಹಾರವನ್ನು ಅಳೆದು ತಿಳಿಯಬೇಕು ಎಂಬ ಈ ಹಟವೇ ಗೃಹವಿಜ್ಞಾನದ ಬೇರು.

1893ರ ಷಿಕಾಗೊ ವಿಶ್ವಮೇಳದಲ್ಲಿ ಅವರ ತಂಡ ‘ರಮ್‌ಫರ್ಡ್ ಕಿಚನ್’ ನಡೆಸಿ, ಬಡಿಸುವ ಊಟದಲ್ಲಿ ಎಷ್ಟು ಪೋಷಕಾಂಶವಿದೆ ಎಂದು ಬರೆದು ತೋರಿಸಿತು. 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಹನ್ನೊಂದು ಜನ ಸಭೆ ಸೇರಿ ಈ ವಿಷಯಕ್ಕೆ ‘ಹೋಮ್ ಎಕನಾಮಿಕ್ಸ್’ ಎಂಬ ಹೆಸರನ್ನು ಒಪ್ಪಿದರು. 1908ರವರೆಗೂ ಈ ಸಮ್ಮೇಳನಗಳು ನಡೆದವು. ಅಲ್ಲಿಂದಲೇ ಹುಟ್ಟಿದ ರಾಷ್ಟ್ರೀಯ ಸಂಘಕ್ಕೆ ರಿಚರ್ಡ್ಸ್ ಮೊದಲ ಅಧ್ಯಕ್ಷೆಯಾದರು.

ಪ್ರಶ್ನೆ: ಪುಸ್ತಕದಲ್ಲಿ ಹೇಳಿದಷ್ಟೇ ಕಪ್ ಮೈದಾ ಹಾಕಿದರೂ ಕೇಕ್ ಒಮ್ಮೆ ಮೃದು, ಒಮ್ಮೆ ಗಟ್ಟಿ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕಪ್ ಅದೇ, ತುಂಬುವ ರೀತಿ ಬೇರೆ. ಚಮಚದಿಂದ ಹಗುರವಾಗಿ ತುಂಬಿದರೆ ಒಂದು ಕಪ್ ಮೈದಾ ಸುಮಾರು 120 ಗ್ರಾಂ ತೂಗುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಆಸುಪಾಸು. ಎರಡು ಕಪ್ಪಿಗೇ 60 ಗ್ರಾಂ ಹೆಚ್ಚಾಯಿತು. ಆ ಹಿಟ್ಟು ನೀರು ಹೀರಿಕೊಂಡು ಕೇಕ್ ಗಟ್ಟಿಯಾಗುತ್ತದೆ.

ಬಾಸ್ಟನ್ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಪಟ್ಟು ಹಿಡಿದದ್ದು ಇದಕ್ಕೇ: ಅಳತೆ ಅಂದರೆ ಮಟ್ಟಸ ಅಳತೆ. ಹಿಟ್ಟನ್ನು ಮೊದಲು ಕೆದಕಿ ಸಡಿಲ ಮಾಡಿ. ಚಮಚದಿಂದ ಕಪ್ಪಿಗೆ ತುಂಬಿ ದಿಬ್ಬವಾಗಲು ಬಿಡಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ. ಕಪ್ಪನ್ನು ಕುಟ್ಟಬೇಡಿ, ಅಲುಗಾಡಿಸಬೇಡಿ. ಅಲ್ಲೇ ಹಿಟ್ಟು ಕುಸಿದು ಇನ್ನಷ್ಟು ಜಾಗವಾಗುತ್ತದೆ. ಬೆಣ್ಣೆಗೆ ಮಾತ್ರ ಇದಕ್ಕೆ ತದ್ವಿರುದ್ಧ: ಗಾಳಿಯ ಪೊಳ್ಳು ಉಳಿಯದಂತೆ ಒತ್ತಿಯೇ ತುಂಬಬೇಕು. ಅರ್ಧ ಚಮಚ ಬೇಕಾದಾಗ ಸವರಿದ ಚಮಚವನ್ನು ಹಿಡಿಯಿಂದ ತುದಿಯವರೆಗೆ ಉದ್ದಕ್ಕೆ ಸೀಳಿ ಒಂದು ಪಾಲು ತೆಗೆಯಿರಿ. ಅಡ್ಡ ಕತ್ತರಿಸಿದರೆ ಎರಡು ಕಡೆಯ ಆಳ ಒಂದೇ ಇರದೆ ಪಾಲು ಸಮವಾಗುವುದಿಲ್ಲ. ತಕ್ಕಡಿ ಇದ್ದರಂತೂ ತೂಕವನ್ನೇ ನಂಬಿ.

ಪ್ರಶ್ನೆ: ಕಾಲೇಜಿನಲ್ಲಿ ಪಾಠಕ್ಕಾಗಿ ನಿಜವಾದ ಮಗುವನ್ನೇ ಸಾಕುತ್ತಿದ್ದರಂತೆ, ಹೌದೇ?

ಉತ್ತರ: ಹೌದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರು ಕೂಡಿ ಬಾಳುವ ಅಭ್ಯಾಸದ ಮನೆಗಳಿದ್ದವು. 1920ರಿಂದ ಅಲ್ಲಿಗೆ ಅನಾಥಾಲಯ, ಮಕ್ಕಳ ಕಲ್ಯಾಣ ಸಂಸ್ಥೆಗಳಿಂದ ಕೂಸುಗಳನ್ನು ತರುತ್ತಿದ್ದರು. ಮಗುವಿಗೆ ‘ಡೊಮೆಕಾನ್’ ಎಂಬ ಅಡ್ಡಹೆಸರು. ಅದು ‘ಡೊಮೆಸ್ಟಿಕ್ ಎಕಾನಮಿ’ (ಮನೆವಾರ್ತೆ) ಎಂಬುದರ ಮೊಟಕು ರೂಪ. ಸ್ನಾನ, ಹಾಲು, ನಿದ್ದೆ ಎಲ್ಲಕ್ಕೂ ವೇಳಾಪಟ್ಟಿ. ತೂಕ, ಬೆಳವಣಿಗೆಯ ದಾಖಲೆ. ನೋಡಿಕೊಳ್ಳುವವರು ಸರದಿಯ ಮೇಲೆ ಬದಲಾಗುತ್ತಿದ್ದರು.

ಆ ಮಕ್ಕಳ ಆರೈಕೆಯಲ್ಲಿ ಶ್ರದ್ಧೆ ಇತ್ತು. ಆದರೂ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ಎಡವಿದ್ದು ಇಲ್ಲೇ. ಅಳೆಯಬಹುದಾದದ್ದೆಲ್ಲವನ್ನೂ ಅಳೆದರು, ಕೂಸಿಗೆ ಬೇಕಾದ ಒಂದೇ ಪರಿಚಿತ ಮುಖ ಆ ಪಟ್ಟಿಯಲ್ಲಿ ಇರಲಿಲ್ಲ. ತಾಯಿಯಂಥ ಒಬ್ಬರ ನಿರಂತರ ಒಡನಾಟ ಮಗುವಿಗೆ ಎಷ್ಟು ಮುಖ್ಯ ಎಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ ವಿವರಿಸಿದರು. ಕಾರ್ನೆಲ್‌ನ ಕಾರ್ಯಕ್ರಮ 1969ರಲ್ಲಿ ನಿಂತಿತು.

ಪ್ರಶ್ನೆ: ಇದು ಹುಡುಗಿಯರ ವಿಷಯ ಮಾತ್ರ ಆಗಿದ್ದು ಯಾವಾಗ?

ಉತ್ತರ: ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆ ಶಾಲೆಗಳ ವೃತ್ತಿ ಶಿಕ್ಷಣಕ್ಕೆ ಸರ್ಕಾರದ ಹಣ ಕೊಟ್ಟಿತು. ಹುಡುಗರು ಕೃಷಿ, ಯಂತ್ರದ ಕೆಲಸಕ್ಕೆ, ಹುಡುಗಿಯರು ಗೃಹವಿಜ್ಞಾನಕ್ಕೆ ಎಂಬ ರೂಢಿ ಇದರಿಂದ ಗಟ್ಟಿಯಾಯಿತು. ಸಾವಿರಾರು ಮಹಿಳೆಯರಿಗೆ ಶಿಕ್ಷಕಿಯ ಕೆಲಸ ಸಿಕ್ಕಿದ್ದೂ ಇದೇ ದಾರಿಯಲ್ಲಿ. 1972ರಲ್ಲಿ ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸುವ ಕಾನೂನು ಬಂದ ಮೇಲೆ ತರಗತಿಯ ಬಾಗಿಲು ಹುಡುಗರಿಗೂ ತೆರೆಯಿತು. ರಿಚರ್ಡ್ಸ್ ಕಟ್ಟಿದ ಸಂಘ 1994ರಲ್ಲಿ ‘ಕುಟುಂಬ ಮತ್ತು ಗ್ರಾಹಕ ವಿಜ್ಞಾನ’ ಎಂಬ ಹೆಸರಿಗೆ ಬದಲಾಯಿತು.